ನೀರುಗಂಟಿ ಅಪ್ಪ ಸಮುದ್ರ ನೋಡಿದ ದಿನ

ದೋಣಿಯಲ್ಲಿ ಹಲಸೂರು ಕೆರೆಯ ಒಂದು ಸುತ್ತು ಹಾಕಿ ದಡಕ್ಕೆ ಬಂದರೆ ಎದುರಿಗೇ ಅಪ್ಪ ನಿಂತಿದ್ದಾನೆ!

ನಾನು ಹುಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಮುಂದೆ ಕೂತಿದ್ದ ಪೀಟರ್ ಮಾತ್ರ ಏನೂ ಆಗದವನ ಹಾಗೆ "ಗುಡ್ ಮಾರ್ನಿಂಗ್ ಅಂಕಲ್" ಅಂದ.

ಪೀಟರ್ ನನ್ನ ಸ್ಕೂಲ್ ಫ್ರೆಂಡ್, ರಿಚರ್ಡ್ಸ್ ಟೌನಿನವನು. ಆಗಷ್ಟೇ ಮಹಾಯುದ್ಧ ಮುಗಿದಿತ್ತು. ಮಿಲಿಟರಿಯವರು ತಮಗೆ ಬೇಡವಾದದ್ದನ್ನೆಲ್ಲ ಕಂಟೋನ್ಮೆಂಟಿನಲ್ಲಿ ಹರಾಜು ಹಾಕುತ್ತಿದ್ದರು, ಹಾಗೆ ಅವನ ಮನೆ ಸೇರಿತ್ತು ಈ ಮಡಚುವ ದೋಣಿ.

ಮರದ ಚೌಕಟ್ಟು, ಅದರ ಮೇಲೆ ಕ್ಯಾನ್ವಾಸ್. ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕಬೇಕು. ಈಗ ನೀವೆಲ್ಲ ಕಯಾಕ್ ಅನ್ನುತ್ತೀರಲ್ಲ, ಹೆಚ್ಚುಕಮ್ಮಿ ಅದೇ.

ಅಪ್ಪ ನಮ್ಮೂರು ಗರುಡಾಚಾರ್‌ಪಾಳ್ಯದ ನೀರುಗಂಟಿ. ಅಂದರೆ ಊರ ಕೆರೆಯ ತೂಬು ಅವನ ಕೈಯಲ್ಲಿ. ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು ಅನ್ನುವುದು ಅವನ ಜವಾಬ್ದಾರಿ. ಜೋರು ಮಳೆ ಬಂದಾಗ ಊರೆಲ್ಲ ಮನೆಯೊಳಗೆ, ಅಪ್ಪ ಕೆರೆ ಏರಿಯ ಮೇಲೆ, ಅದು ಒಡೆಯದಂತೆ ಕಾಯುತ್ತಾ.

ಅಂಥವನಿಗೆ ನೀರು ಆಟದ ಸಾಮಾನಲ್ಲ. ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವನು ಕೆರೆಯನ್ನು ಒಂದು ಸಲ ಅಳೆಯುವವನ ಹಾಗೆ ನೋಡಿದ.

"ನಿಂತಿರೋ ನೀರು. ಏರಿನೂ ಗಟ್ಟಿ ಐತೆ. ಪರ್ವಾಗಿಲ್ಲ, ಆಡ್ಕೊಳ್ರಿ."

ಅಷ್ಟಕ್ಕೇ ಪೀಟರ್ ಬಾಯಿ ಮುಚ್ಚಿಕೊಂಡಿರಬಾರದಿತ್ತೇ? "ಲೇಕ್ ಸಾಕು ಅಂಕಲ್, ನೆಕ್ಸ್ಟ್ ಸಮುದ್ರ!" ಅಂದುಬಿಟ್ಟ.

ನಿಜ ಹೇಳಬೇಕೆಂದರೆ ಎಲ್ಲಿಗೆ ಹೋಗುವುದು ಅಂತ ನಮ್ಮಿಬ್ಬರಲ್ಲಿ ದಿನಾ ಜಗಳ. ಕೆ.ಆರ್. ಪುರದ ಕೆರೆಯಲ್ಲಿ ಜೊಂಡಿಗೆ ಸಿಕ್ಕಿಕೊಂಡು ಒದ್ದಾಡಿದ್ದೆವು. ಕಾವೇರಿಯ ಬಂಡೆಗಳಿಗೆ ಕ್ಯಾನ್ವಾಸ್ ಹರಿದರೆ ಕಥೆ ಮುಗಿಯಿತು. ಉಳಿದದ್ದು ಸಮುದ್ರ. ಪೀಟರನ ಮಾವನ ಲಾರಿ ಹೆಂಚು ತರಲು ಕುಂದಾಪುರದ ಕಡೆ ಹೋಗುತ್ತಿತ್ತು ಬೇರೆ.

ಅಪ್ಪ ನನ್ನ ಕಡೆ ತಿರುಗಿದ. "ಆ ನೀರು ನಂಬೋವಂಥದ್ದಾ ಅಂತ ನಾನೇ ಬಂದು ನೋಡ್ತೀನಿ. ಅಲ್ಲಾಂದ್ರೆ ಇನ್ಮ್ಯಾಕೆ ನೀನು ದೋಣಿ ಮುಟ್ಟಂಗಿಲ್ಲ. ಇಲ್ಲೂ ಇಲ್ಲ, ಎಲ್ಲೂ ಇಲ್ಲ."

ಅವನ ಮಾತು ಅಂದರೆ ಮಾತು. ಹೊರಡುವ ತನಕ ನನಗೆ ಅನ್ನ ರುಚಿಸಲಿಲ್ಲ.

ಬೇಸಿಗೆ, ನಮ್ಮ ಕೆರೆ ತಳ ಕಂಡಿತ್ತು. ಅದಕ್ಕೇ ಅಪ್ಪನಿಗೆ ಬಿಡುವು. ಮಡಚಿದ ದೋಣಿಯ ಪಕ್ಕದಲ್ಲೇ ಲಾರಿಯಲ್ಲಿ ಕೂತು ಬಂದ.

ಹೊಳೆ ಸಮುದ್ರ ಸೇರುವ ಜಾಗ. ಆಚೆ ದಡ ಎಲ್ಲೋ ದೂರದಲ್ಲಿ… ಅಪ್ಪ ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡವನು ಥೂ ಎಂದು ಉಗಿದ. "ಇಷ್ಟೊಂದು ನೀರು, ಒಂದು ಪೈರಿಗೂ ಆಗಲ್ವಲ್ಲೋ!"

ಸಿಟ್ಟೋ ಸಂಕಟವೋ ಗೊತ್ತಾಗಲಿಲ್ಲ. ನಾವು ಹಲಸೂರಿನಲ್ಲಿ ಮಾಡುತ್ತಿದ್ದ ಹಾಗೆ ದೋಣಿ ಜೋಡಿಸಿ, ನೀರಿನ ಅಂಚಿಗೆ ಇಟ್ಟು ಊಟಕ್ಕೆ ಹೋದೆವು.

ವಾಪಸ್ ಬಂದು ನೋಡಿದರೆ ನೀರೇ ಇಲ್ಲ.

ದೋಣಿ ಇಟ್ಟಲ್ಲೇ ಇದೆ. ಅದರ ಮುಂದೆ ಕಣ್ಣು ಹಾಯಿಸಿದಷ್ಟೂ ಕೆಸರು, ಏಡಿಗಳು. ನೀರು ಎಲ್ಲೋ ದೂರದಲ್ಲಿ ಮಿಣಮಿಣ ಅನ್ನುತ್ತಿದೆ.

ಅಷ್ಟು ನೀರು ದಿಢೀರನೆ ಖಾಲಿಯಾಗುವುದಕ್ಕೆ ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಕಾರಣ. ಪಂಚೆ ಎತ್ತಿ ಕಟ್ಟಿ, ದಡದ ಗುಡಿಸಲುಗಳ ಕಡೆಗೆ ಓಡಿದ.

"ಒಡೀತು! ಎಲ್ಲೋ ಒಡೀತು ಕಣ್ರೋ! ಮಕ್ಕಳನ್ನ ಎತ್ಕೊಳ್ರಿ, ಮ್ಯಾಲಕ್ ಹತ್ರಿ!"

ಅವನ ಹಿಂದೆ ನಾನು, ನನ್ನ ಹಿಂದೆ ಪೀಟರ್. ಯಾಕೆ ಓಡುತ್ತಿದ್ದೇವೆ ಅಂತಲೂ ನಮಗೆ ಗೊತ್ತಿಲ್ಲ.

ಕೆಸರಿನಲ್ಲಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿದಳು. ಅಪ್ಪನ ಮುಖ ನೋಡಿ ನಗುವುದಕ್ಕೂ ಅವಳಿಗೆ ಮನಸ್ಸಾಗಲಿಲ್ಲವೇನೋ.

"ನೀರ್ ಎಲ್ಲಿಗೂ ಹೋಯ್ಲ ಮಾರಾಯ್ರೆ, ಇಳ್ದದ್ದ್ ಅಷ್ಟೇ. ಸಂಜಿಗ್ ವಾಪಾಸ್ ಬತ್ತ್, ಕಾಣಿ."

"ಯಾರ್ ಬಿಡ್ತಾರಮ್ಮ?" ಅಪ್ಪ ಏದುಸಿರು ಬಿಡುತ್ತಾ ಕೇಳಿದ.

"ಯಾರ್ ಬಿಡುದ್? ಅದೇ ಬತ್ತ್, ಅದೇ ಹೋತ್. ದಿನಾ."

ಅಪ್ಪ ನಂಬಲಿಲ್ಲ. ಬಂದು ದೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ನನಗಂತೂ ಎಲ್ಲ ಮುಗಿದೇ ಹೋಯಿತು ಅನ್ನಿಸಿತ್ತು. ಕಣ್ಣೆದುರೇ ಮಾಯವಾಗುವ ನೀರನ್ನು ಯಾವ ನೀರುಗಂಟಿ ನಂಬುತ್ತಾನೆ, ಹೇಳಿ?

ಬಿಸಿಲು ಇಳಿಯುತ್ತಾ ಬಂದಾಗ ಆ ಹೆಂಗಸು ಬುಟ್ಟಿ ಹೊತ್ತು ದಡ ಹತ್ತಿದಳು. ಅವಳು ತುಳಿದಿದ್ದ ಹೆಜ್ಜೆಗಳಲ್ಲಿ ಒಂದೊಂದಾಗಿ ನೀರು ತುಂಬುತ್ತಿದೆ.

ಸದ್ದಿಲ್ಲ, ರಭಸ ಇಲ್ಲ. ಮೇಲೆ ಮಳೆಯಿಲ್ಲ, ಎಲ್ಲೂ ತೂಬು ಎತ್ತಿದವರಿಲ್ಲ. ಇಡೀ ಸಮುದ್ರವೇ ಎದ್ದು ನಮ್ಮ ಕಡೆ ನಡೆದು ಬರುತ್ತಿದೆ. ನನ್ನ ಮೈ ಜುಮ್ಮೆಂದಿತು. ಇವತ್ತು, ಈ ತೊಂಬತ್ತರ ಮೇಲಿನ ವಯಸ್ಸಿನಲ್ಲಿ, ಮೊಮ್ಮಗಳ ಕೈಲಿ ಇದನ್ನು ಟೈಪ್ ಮಾಡಿಸುವಾಗಲೂ ಹಾಗೇ ಆಗುತ್ತಿದೆ.

ನೀರು ದೋಣಿಯ ಕೆಳಗೆ ಬಂತು. ದೋಣಿ ಒಮ್ಮೆ ಅಲುಗಾಡಿ ತಾನಾಗಿಯೇ ಎದ್ದು ತೇಲಿತು.

ಅಪ್ಪ ಕೈ ಮುಗಿದ. ಹೋಗಲಾ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಅವನೇ ನೀರಿನಿಂದ ಕಣ್ಣು ತೆಗೆಯದೆ ಅಂದ.

"ಹೇಳ್ದಂಗೇ ಬಂತಲ್ಲೋ… ಹೋಗ್ರಲಾ. ಇದುನ್ನ ಕಾಯಕ್ಕೆ ನಾನ್ಯಾವೋನು."

ನಾವು ಹೋದೆವು. ಅಲೆಯ ಮೇಲೆ ದೋಣಿ ಎದ್ದು ಬೀಳುವಾಗ ಪೀಟರ್ ಕೇಕೆ ಹಾಕುತ್ತಿದ್ದ. ಆದರೆ ನಾನು ಹೆಚ್ಚು ನೋಡಿದ್ದು ದಡವನ್ನೇ.

ಅಲ್ಲಿ ಅಪ್ಪ ಕಾಲು ಚಾಚಿ, ಪಾದ ಎರಡೂ ನೀರಲ್ಲಿ ಬಿಟ್ಟುಕೊಂಡು, ಮಗುವಿನ ಹಾಗೆ ಸುಮ್ಮನೆ ಕೂತಿದ್ದ. ನೀರಿನ ಮುಂದೆ ಅವನು ಏನೂ ಕೆಲಸವಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಿಮ್ಮ ಅಪ್ಪ ಹಾಗೆ ಕೂತದ್ದನ್ನು ನೀವು ಯಾವತ್ತಾದರೂ ನೋಡಿದ್ದೀರಾ?