ಗೇಣು ಬಿಟ್ಟ ಪರದೆ

ಬಿಳಿ ಬಟ್ಟೆಯನ್ನು ಬಿಳಿ ಬಟ್ಟೆ ಎಂದು ಕರೆದರೆ ಮಾರುವವನಿಗೆ ಏನೂ ಗಿಟ್ಟುವುದಿಲ್ಲ. ಅದಕ್ಕೇ ಅದಕ್ಕೆ ಸ್ಕ್ರೀನು ಎಂದು ಹೆಸರಿಟ್ಟು, ಉದ್ದನೆಯ ಡಬ್ಬದಲ್ಲಿ ಮಲಗಿಸಿ, ಡಬ್ಬದ ಮೇಲೆ ಸೋಫಾದಲ್ಲಿ ಹಲ್ಲು ಕಿರಿಯುತ್ತ ಕೂತ ಬಿಳಿ ಸಂಸಾರವೊಂದರ ಚಿತ್ರ ಅಂಟಿಸಿರುತ್ತಾರೆ. ಈ ವಿದ್ಯೆ ನನಗೆ ತಿಳಿದದ್ದು ಮೊನ್ನೆಯ ಗೌರಿ ಹಬ್ಬಕ್ಕೆ ಮುಂಚೆ, ಮನೆಯಲ್ಲಿ ಸಿನಿಮಾ ತೋರಿಸಲು ಕೈಗೆಟಕುವ ಬೆಲೆಯ ಪರದೆಯೊಂದನ್ನು ಹುಡುಕಿಕೊಂಡು ಊರೂರು ಅಲೆದಾಗ.

ನಾನು ಪಾಂಡವಪುರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಸುಟ್ಟುಹೋದ ಪಂಪುಸೆಟ್ಟಿನ ಹೊಟ್ಟೆ ಬಗೆದು, ಕರಿ ಹಿಡಿದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತುವುದು ನನ್ನ ಕೆಲಸ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಎಂದು ಯಾರಾದರೂ ಆಡಿಕೊಂಡರೆ ನನಗೆ ನೋವಿಲ್ಲ. ಕ್ಯಾತನಹಳ್ಳಿ ಕಡೆಯ ಎಷ್ಟೋ ಕಬ್ಬಿನ ಗದ್ದೆಗೆ ನೀರು ಹತ್ತುವುದು ನಾನು ಸುತ್ತಿದ ತಂತಿಯ ಮೇಲೆ. ಆಡಿಕೊಳ್ಳುವವರು ಒಂದು ಬಲ್ಬು ಬದಲಿಸಲು ಏಣಿ ಹಿಡಿಯಲು ಇನ್ನೊಬ್ಬರನ್ನು ಕರೆಯುವ ಜನ.

ಪರದೆ ಬೇಕಾದದ್ದು ನನಗಲ್ಲ, ನನ್ನ ಹೆಂಡತಿಗೆ. ಅವಳಿಗೆ ಸಿನಿಮಾ ಅಂದರೆ ಗೋಡೆಯಷ್ಟು ಅಗಲದ ಮುಖ ಕಾಣಬೇಕು. ಟಿವಿಯಲ್ಲಿ ನೋಡಿದ್ದು ಅವಳ ಲೆಕ್ಕಕ್ಕೆ ನೋಡಿದ ಹಾಗಲ್ಲ. ಊರಿನ ಟಾಕೀಸು ಮುಚ್ಚಿ ಗೊಬ್ಬರದ ಗೋಡೌನಾಯಿತು. ಅವಳ ಮಂಡಿ ಸವೆದು, ಬಸ್ಸು ಹತ್ತಿ ಮೈಸೂರಿಗೆ ಹೋಗಿ ಸಿನಿಮಾ ನೋಡುವ ಕಾಲವೂ ಮುಗಿಯಿತು. ಅಷ್ಟೇ ಆಗಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಸುಮ್ಮನಿರದಂತೆ ಮಾಡಿದವನು ನನ್ನ ಷಡ್ಡಕ, ಅವಳ ಕಿರಿಯ ತಂಗಿಯ ಗಂಡ.

ನಾಗಮಂಗಲದಲ್ಲಿ ಸೈಟು ಮಾರಿಸುವ ದಂಧೆ ಅವನದು. ನಾನು ಏಳಕ್ಕೆ ಸ್ಕೂಲು ಬಿಟ್ಟರೆ ಅವನು ಎಂಟಕ್ಕೆ ಬಿಟ್ಟ. ಆ ಒಂದು ಕ್ಲಾಸಿನಲ್ಲಿ ಅದೇನು ಕಲಿಸಿದರೋ, ಅವನು ಇಂಗ್ಲಿಷಿನಲ್ಲೇ ಸೀನುತ್ತಾನೆ. ಅತ್ತೆ ತೀರಿಹೋದ ಮೇಲೆ ಮೂವರು ಅಕ್ಕತಂಗಿಯರು ಗೌರಿ ಹಬ್ಬವನ್ನು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಮಾಡಿಕೊಳ್ಳುತ್ತಾರೆ. ಹಿಂದಿನ ವರ್ಷ ಅವನ ಮನೆಯ ಸರದಿ. ಅವನು ಹೋಮ್ ಥಿಯೇಟರ್ ಎಂದು ಒಂದು ಕೋಣೆ ಮಾಡಿಸಿದ್ದ. ಕಪ್ಪು ಗೋಡೆ, ಕೆಂಪು ದೀಪ, ಗುಂಡಿ ಒತ್ತಿದರೆ ಕಾಲು ಚಾಚುವ ಎರಡು ಕುರ್ಚಿ. ನನ್ನ ಹೆಂಡತಿ ಒಂದು ಕುರ್ಚಿಯ ಹತ್ತಿರ ಹೋದಳು.

“ಅತ್ಗೆ, ಅದ್ರಲ್ಲಿ ಕೂತ್ಕಬೇಡಿ, ಒಳಗೆ ಮೋಟ್ರು ಅದೆ. ಕಾಲು ಎದ್ದ್‌ಬುಟ್ರೆ ಗಾಬ್ರಿ ಆಯ್ತೀರ. ಚಾಪೆ ಹಾಸಿದೀನಲ್ಲ, ಅಲ್ಲಿ ಕೂತ್ಕಳಿ.”

ಮೋಟರಿನ ಅನ್ನ ತಿನ್ನುವವಳಿಗೆ ಮೋಟರಿನ ಭಯ ಹೇಳಿದ. ಅವಳಿಗೆ ನೆಲದ ಮೇಲೆ ಕೂರಲು ಮಂಡಿ ಬಗ್ಗುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅರ್ಧ ಸಿನಿಮಾ ನೋಡಿದಳು, ಆಮೇಲೆ ಅಡುಗೆಮನೆಗೆ ಹೋದಳು. ವಾಪಸು ಬಂದು ಮನೆ ಬಾಗಿಲು ತೆಗೆಯುವಾಗ ಹೇಳಿದಳು: “ಮುಂದಿನ್ ಸತಿ ಹಬ್ಬ ನಮ್ಮನೇಲಿ. ಸಿನಿಮಾನೂ ನಮ್ಮನೇಲೆ. ನಡುಗಡೆ ಕುರ್ಚಿ ನಂದು.” ಮರುದಿನವೇ ಇಬ್ಬರು ತಂಗಿಯರಿಗೂ ಫೋನಿನಲ್ಲಿ ಸಾರಿಬಿಟ್ಟಳು. ಇನ್ನು ಅದು ತಪ್ಪಿದರೆ ಅವಳು ತಂಗಿಯರ ಮುಂದೆ ತಲೆ ಎತ್ತುವ ಹಾಗಿರಲಿಲ್ಲ.

ಹಳೇ ಮೋಟರುಗಳನ್ನು ತುಂಬಿಟ್ಟಿದ್ದ ಹಿಂದಿನ ಕೋಣೆ ಖಾಲಿ ಮಾಡಿಸಿದೆ. ಪ್ರೊಜೆಕ್ಟರು ಕೊರಿಯರ್‌ನಲ್ಲಿ ಬಂತು, ಅದರದ್ದೇನೂ ತಕರಾರಿಲ್ಲ. ತಕರಾರೆಲ್ಲ ಗೋಡೆಯದು. ಅದಕ್ಕೆ ಗಾರೆ ಮಾಡಿದವನು ಕರಣೆ ಹಿಡಿದದ್ದೋ ಸೌಟು ಹಿಡಿದದ್ದೋ, ಬೆಳಕು ಬಿಟ್ಟು ನೋಡಿದರೆ ನಾಯಕನ ಮೂಗು ಒಂದು ಕಡೆ ಊದಿಕೊಂಡು ನಿಂತಿತು.

ಕೆ.ಆರ್. ಪೇಟೆಯಲ್ಲಿ ದೊಡ್ಡ ಅಂಗಡಿ ಇದೆ ಎಂದರು, ಹೋದೆ. ಕತ್ತಿಗೆ ಟೈ ಬಿಗಿದುಕೊಂಡ ಒಬ್ಬ ಎದುರಿಗೆ ಬಂದ.

“ಸಾರ್, ನಿಮ್ ಪ್ರೊಜೆಕ್ಟ್ರು ಶಾರ್ಟ್ ಥ್ರೋನಾ, ಲಾಂಗ್ ಥ್ರೋನಾ?”

“ನಾನೇನೂ ಎಸ್ದಿಲ್ಲ ಕಣಪ್ಪ. ಪರದೆ ತೋರ್ಸು.”

ಅವನು ಗುಂಡಿ ಒತ್ತಿದ. ಮೇಲಿನ ಡಬ್ಬದಿಂದ ಪರದೆ ಗೊರಗೊರ ಎನ್ನುತ್ತ ಇಳಿಯಿತು. ಇನ್ನೊಂದು ಸಲ ಒತ್ತಿದ, ಗೊರಗೊರ ಎನ್ನುತ್ತ ಹತ್ತಿತು. ಹತ್ತಿಸಿ ಇಳಿಸಿ ಅವನಿಗೇ ಖುಷಿ.

“ಸಿನಿಮಾ ಮುಗುದ್ ಮೇಲೆ ಮ್ಯಾಲಕ್ಕೋಯ್ತದೆ ಸಾರ್.”

“ಮ್ಯಾಲಕ್ಕೋಗಿ ಏನ್ ಮಾಡ್ತದೆ?”

ಅವನು ಗುಂಡಿ ಒತ್ತಿ ಪರದೆಯನ್ನು ಮತ್ತೆ ಇಳಿಸಿದ. ಅದರ ಬೆಲೆಗೆ ಕರು ಸಮೇತ ಹಸು ಬರುತ್ತದೆ, ಮತ್ತು ಹಸು ಗೊರಗೊರ ಎನ್ನುವುದಿಲ್ಲ. ಅಗ್ಗದ್ದು ತೋರಿಸು ಅಂದೆ. ಮೂರು ಕಾಲಿನ ಸ್ಟ್ಯಾಂಡಿಗೆ ನೇತುಬಿದ್ದ ಒಂದನ್ನು ತೋರಿಸಿದ. ಅದರ ಎರಡೂ ಅಂಚು ಹಪ್ಪಳದ ಹಾಗೆ ಮಡಚಿಕೊಂಡಿದ್ದವು. ಅದಕ್ಕಿಂತ ಅಗ್ಗದ್ದು ಮಡಿಸಿ ಕವರಿನಲ್ಲಿ ತುಂಬಿದ್ದು. ಬಿಚ್ಚಿದರೆ ಮೈತುಂಬ ಗೆರೆ.

“ಇಸ್ತ್ರಿ ಆಕ್ಬುಡಿ ಸಾರ್, ಓಯ್ತದೆ.”

ಕವರಿನ ಮೇಲೆಯೇ ಇಸ್ತ್ರಿ ಪೆಟ್ಟಿಗೆಯ ಚಿತ್ರ ಬರೆದು ಅಡ್ಡಗೀಟು ಹಾಕಿತ್ತು. ಅದನ್ನು ತೋರಿಸಿದೆ. ಅವನು ಟೈ ಸರಿಮಾಡಿಕೊಂಡ. ಓದಲು ಬರುವವರು ಓದುವುದಿಲ್ಲವಲ್ಲ ಎನ್ನುವುದೇ ನನಗೆ ಆಶ್ಚರ್ಯ.

ಪಾಂಡವಪುರಕ್ಕೆ ಬಂದರೆ ಫ್ಲೆಕ್ಸ್ ಅಂಗಡಿಯವನೊಬ್ಬ, ನನ್ನ ಪರಿಚಯದವನು, ಉಪಾಯ ಹೇಳಿದ. “ಅಳೇ ಫ್ಲೆಕ್ಸು ತಕ್ಕೊಂಡೋಗಿ ತಿರುಗ್ಸಿ ಕಟ್ಕಳಣ್ಣ. ಇಂದ್ಗಡೆ ಬೆಳ್ಳಗೇ ಇರ್ತದೆ.” ನಮ್ಮ ಕಡೆ ಫ್ಲೆಕ್ಸಿಗೆ ಬರವೇ? ಹುಟ್ಟಿದರೆ ಫ್ಲೆಕ್ಸು, ಸತ್ತರೆ ಫ್ಲೆಕ್ಸು, ಹೊಸ ಬೈಕು ತಂದರೂ ಫ್ಲೆಕ್ಸು. ಮನೆಯಲ್ಲಿ ಒಂದು ಲೋಟ ತೊಳೆದಿಡದವನು ಸರ್ಕಲ್ಲಿನಲ್ಲಿ ಕೈ ಮುಗಿದು ನಿಂತಿರುತ್ತಾನೆ. ತಂದು, ತಿರುಗಿಸಿ ಕಟ್ಟಿ, ಸಿನಿಮಾ ಬಿಟ್ಟೆ. ಹಾಡು ಶುರುವಾಗಿ ಬೆಳಕು ಹೆಚ್ಚಾದಾಗಲೆಲ್ಲ ನಾಯಕಿಯ ಹಣೆಯ ಮೇಲೆ ಒಂದು ಮೀಸೆ, ಪಕ್ಕದಲ್ಲಿ ಸಾಲಾಗಿ ಪುಟ್ಟ ಪುಟ್ಟ ತಲೆಗಳು ಮಸುಕಾಗಿ ಮೂಡುತ್ತಿದ್ದವು.

“ಈವಯ್ಯ ಯಾರು ಮಧ್ಯ ಮಧ್ಯ ಬರೋನು?” ಹೆಂಡತಿ ಕೇಳಿದಳು.

“ಹುಟ್ಟಿದಬ್ಬದೋನು.”

“ಅವ್ನ ಅಬ್ಬ ಅವ್ನ ಮನೇಲಿ ಮಾಡ್ಕಳ್ಳಿ. ಬಿಚ್ಚಾಕಿ ಮೊದ್ಲು.”

ಹಬ್ಬ ಹತ್ತಿರ ಬಂತು. ಹೆಂಡತಿ ಅಂಗಡಿಗೆ ಬುತ್ತಿ ತರುವಾಗ ಪರದೆ ಬಂತೇ ಎಂದು ನನ್ನ ಕೈ ಕಡೆ ನೋಡುತ್ತಿದ್ದಳು. ಶ್ರೀರಂಗಪಟ್ಟಣದಲ್ಲಿ ಶಾಮಿಯಾನ, ಟಾರ್ಪಾಲು ಹೊಲಿಯುವ ಸಾಬರೊಬ್ಬರಿದ್ದಾರೆ. ಅವರ ಹೊಲಿಗೆ ಮಿಷನ್ನಿನ ಮೋಟರು ನನ್ನ ಹತ್ತಿರವೇ ರಿಪೇರಿಗೆ ಬರುವುದು. ಅವರ ಬಳಿ ಹೋದೆ.

“ಕಿಟಕಿ ಪರದೆಗೆ ಒಳಗಡೆ ಕೊಡೋ ಬಟ್ಟೆ ಅದೆ ಭಾಯ್, ಬೆನ್ನಿಗೆ ರಬ್ಬರ್ ಹೊಡ್ದಿರ್ತಾರೆ. ಬೆಳಕು ಬಿಲ್ಕುಲ್ ದಾಟಲ್ಲ. ಸುತ್ತ ಪಟ್ಟಿ ಹೊಲ್ದು, ಹಗ್ಗ ತೂರ್ಸೋಕೆ ಹಿತ್ತಾಳೆ ಕಣ್ಣು ಬಡೀತೀನಿ. ಫ್ರೇಮಿಗೆ ಹಗ್ಗ ಹಾಕಿ ಎಳೀರಿ, ತಬಲಾ ಆಗೋಯ್ತದೆ.”

ಮುಟ್ಟಿ ನೋಡಿದೆ. ದಪ್ಪಗಿತ್ತು, ಗೆರೆಯಿರಲಿಲ್ಲ, ಮೀನುಹೊಟ್ಟೆಯ ಬಿಳುಪು. ಕೆ.ಆರ್. ಪೇಟೆಯ ಡಬ್ಬದಲ್ಲಿ ಮಲಗಿದ್ದದ್ದೂ ಇದರ ತಮ್ಮನೇ. ಕತ್ತರಿಸಿ ಎನ್ನುವಷ್ಟರಲ್ಲಿ ಹೆಂಡತಿಯ ಫೋನು ಬಂತು: “ಅವ್ನ ಒಂದ್ಮಾತು ಕೇಳ್ಬುಡಿ. ಆಮೇಲೆ ಬಂದು ಕೊಂಕು ತೆಗ್ದಾನು.” ಷಡ್ಡಕನಿಗೆ ಫೋನು ಹಚ್ಚಿ, ಸಾಬರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ಬಟ್ಟೆ ಯಾವ್ದಾದ್ರೂ ಇರ್ಲಿ ಅಣ್ಣ, ಗೇನು ಮಾತ್ರ ಒಂದು ಇರ್ಲೇಬೇಕು. ಕಮ್ಮಿ ಆದ್ರೆ ಡಲ್ ಹೊಡೀತದೆ. ಜಾಸ್ತಿ ಆಯ್ತೋ, ಸೈಡಲ್ಲಿ ಕೂತೋರ್ಗೆ ಕಾಣಕಿಲ್ಲ. ಒಂದೇ ಗೇನು, ಅಷ್ಟೇಯ.” ಫೋನು ಇಟ್ಟ.

ನಮ್ಮ ಕಡೆಯ ಬಾಯಲ್ಲಿ ‘ಣ’ ಮತ್ತು ‘ನ’ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತವೆ. ಗೇಣನ್ನು ಗೇನು ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ಸಾಬರು ಹೆಬ್ಬೆರಳು ಕಿರುಬೆರಳು ಅಗಲಿಸಿ ಕೈ ಎತ್ತಿ ಹಿಡಿದು ಕೇಳಿದರು: “ಗೇಣು ಯಾರ್ದು ಭಾಯ್? ನಂದಾ, ನಿಮ್ದಾ?”

“ಮನೆ ನಂದು, ಗೇಣೂ ನಂದೇ. ಆದ್ರೆ ಎಲ್ಲಿ ಬುಡೋದು?”

“ಗೋಡೆಗೂ ಬಟ್ಟೆಗೂ ಮಧ್ಯ. ಇನ್ನೆಲ್ಲಿ? ಗಾಳಿ ಆಡ್ಬೇಕಲ್ವಾ. ಶಾಮಿಯಾನಾನೂ ಗೋಡೆಗೆ ಅಂಟ್ಸಿ ಕಟ್ಟಲ್ಲ ನಾವು.”

ಸರಿಯಾಗಿಯೇ ಕಂಡಿತು. ವೆಲ್ಡಿಂಗಿನವನ ಹತ್ತಿರ ಕಬ್ಬಿಣದ ಫ್ರೇಮು ಮಾಡಿಸಿದೆ. ಗೋಡೆಯಿಂದ ನನ್ನ ಒಂದು ಗೇಣು ಈಚೆಗೆ ನಿಲ್ಲುವ ಹಾಗೆ ನಾಲ್ಕು ಮೂಲೆಗೂ ತುಂಡು ಕಂಬಿ ಬೆಸೆಸಿದೆ. ಅವನೂ ಯಾಕೆ ಎಂದು ಕೇಳಲಿಲ್ಲ, “ಗೇಣಾ? ಸರಿ” ಅಂದ. ಬಟ್ಟೆ ಎಳೆದು ಕಟ್ಟಿದೆ. ಸಿನಿಮಾ ಬಿಟ್ಟರೆ ಮುಖ ಗೋಡೆಯಗಲ ಬಂತು, ಮೂಗು ಮೂಗಿನ ಹಾಗೆಯೇ ಇತ್ತು. ಹೆಂಡತಿ ಬೆತ್ತದ ಕುರ್ಚಿಯನ್ನು ಎಳೆದುಕೊಂಡು ಬಂದು ನಡುವೆ ಹಾಕಿ, ಕಾಲಿಗೆ ಮಣೆ ಇಟ್ಟು, ದಿಂಬು ಇಟ್ಟು, ಹೊರಗೆ ಹೋದಳು. ಹಬ್ಬದ ದಿನಕ್ಕೆ ಮುಂಚೆ ಅದರಲ್ಲಿ ಕೂರಲಿಲ್ಲ.

ಹಬ್ಬ ಬಂತು. ತಂಗಿಯರಿಬ್ಬರೂ ರೇಷ್ಮೆ ಸೀರೆ ಉಟ್ಟು ಬಂದರು. ಪೂಜೆ, ಒಬ್ಬಟ್ಟಿನ ಊಟ ಎಲ್ಲ ಮುಗಿಯಿತು. ಮಧ್ಯಾಹ್ನ ಕಿಟಕಿಗೆ ಕಂಬಳಿ ಇಳಿಬಿಟ್ಟು ಎಲ್ಲರನ್ನೂ ಹಿಂದಿನ ಕೋಣೆಗೆ ಕರೆದೆ. ಷಡ್ಡಕ ಕೂರುವುದು ಬಿಟ್ಟು ಮೊದಲು ಪರದೆಯ ಹತ್ತಿರ ಹೋದ. ಪಕ್ಕದಿಂದ ಬಗ್ಗಿ ಅದರ ಹಿಂದೆ ಇಣುಕಿದ.

“ಇದ್ಯಾಕಣ್ಣ ಗೋಡೆ ಬುಟ್ಟು ಈಚ್ಗೆ ಬಂದ್ಬುಟ್ಟದೆ?”

“ನೀನೇ ಯೋಳಿದ್ಯಲ್ಲ, ಒಂದು ಗೇಣು ಬುಡಿ ಅಂತ.”

ಅವನು ನನ್ನ ಮುಖ ನೋಡಿದ, ಪರದೆ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಅಯ್ಯೋ ಗೇಣಲ್ಲ ಕಣಣ್ಣೋ, ಗೇನು! ಇಂಗ್ಲಿಷು! ಬಟ್ಟೆ ಎಷ್ಟು ಬೆಳಕು ವಾಪಸ್ ಕೊಡ್ತದೆ ಅನ್ನೋದು! ಎಲ್ಲಾರೂ ಬಂದ್ ನೋಡ್ರಿ, ಗೇಣು ಬುಟ್ಟವ್ರೆ!”

ನನಗೆ ಅರೆಗಳಿಗೆ ಮುಖ ಬಿಸಿಯಾಯಿತು, ನಿಜ. ಆಮೇಲೆ ತಣ್ಣಗಾಯಿತು. ಬೆಳಕು ಎನ್ನುವ ಮಾತು ಬಾಯಲ್ಲಿದ್ದೂ ಆಡದೆ, ಅರ್ಧ ಬೆಂದ ಇಂಗ್ಲಿಷನ್ನು ಮಂಡ್ಯದ ನಾಲಿಗೆಯಲ್ಲಿ ಮುದ್ದೆ ಮಾಡಿ ನುಂಗಿಸುವವನು ಅವನು. ನುಂಗಿದವನನ್ನು ನೋಡಿ ನಗುವವನೂ ಅವನೇ. “ಬೆಳಕು ಅನ್ನೋಕೆ ನಿಂಗೆ ಬಾಯಿ ಬೀಳ್ತಿತ್ತೇನ್ಲಾ?” ಅಂದೆ. ಅವನಿಗೆ ಕೇಳಿಸಲಿಲ್ಲ, ನಗು ಅಷ್ಟಿತ್ತು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ತಂಗಿಯರು ಅವಳ ಮುಖ ನೋಡುತ್ತಿದ್ದರು. ಅವಳು ಷಡ್ಡಕನನ್ನು ಕೇಳಿದಳು:

“ಸಿನಿಮಾ ಕಾಣ್ತದೋ ಇಲ್ವೋ?”

“ಕಾಣ್ತದೆ ಅತ್ಗೆ, ಆದ್ರೆ...”

“ಕಂಡ್ರೆ ಸಾಕು.” ಬಂದು ನಡುವಿನ ಕುರ್ಚಿಯಲ್ಲಿ ಕೂತು ಮಣೆಯ ಮೇಲೆ ಕಾಲು ಚಾಚಿದಳು. ಆ ಕಡೆ ಒಬ್ಬಳು ತಂಗಿ, ಈ ಕಡೆ ಒಬ್ಬಳು.

ಅವಳಿಗೆ ಬೇಕಾದ ಹಳೇ ಸಿನಿಮಾ ಹಾಕಿದೆ. ಹತ್ತು ನಿಮಿಷ ಚೆನ್ನಾಗಿ ಓಡಿತು. ಸೆಕೆ ಅಂತ ಯಾರೋ ಫ್ಯಾನು ಹಾಕಿದರು. ಗಾಳಿ ಹೋಗಿ ಆ ಗೇಣಿನ ಸಂದಿಗೆ ಸೇರಿಕೊಂಡು ಬಟ್ಟೆಯ ಹೊಟ್ಟೆ ಮುಂದಕ್ಕೆ ಬಂತು. ತಬಲಾ ಆಗುತ್ತದೆ ಎಂದಿದ್ದ ಸಾಬರ ಹಗ್ಗ ಫ್ಯಾನಿನ ಮುಂದೆ ಸೋತಿತು.

“ಅತ್ಗೆ, ನಿಮ್ ಹೀರೋಯಿನ್ನು ಬಸ್ರಿ ಆದ್ಲು ನೋಡಿ!” ಷಡ್ಡಕ ಮತ್ತೆ ಶುರು ಹಚ್ಚಿದ. “ನಾಗಮಂಗ್ಲಕ್ಕೆ ಬನ್ನಿ ಎಲ್ಲಾರೂ, ಎಸಿ ರೂಮಲ್ಲಿ ತೋರುಸ್ತೀನಿ. ನಡೀರಿ, ಕಾರ್ ಅದೆ.”

ಹೆಂಡತಿ ತಿರುಗಿಯೂ ನೋಡಲಿಲ್ಲ. “ಫ್ಯಾನ್ ಆರ್ಸಿ” ಅಂದಳು. ಆರಿಸಿದೆ. ಹೊಟ್ಟೆ ಇಳಿಯಿತು. ಸೆಕೆ ಏರಿತು. ತಂಗಿಯರಲ್ಲಿ ದೊಡ್ಡವಳು ಎದ್ದು ಹೋಗಿ, ಬಾಗಿನಕ್ಕೆಂದು ತಂದು ಮಿಕ್ಕಿದ್ದ ಅರಿಸಿನ ಬಳಿದ ಖಾಲಿ ಮೊರಗಳನ್ನು ತಂದಳು. ಮೂವರೂ ಒಂದೊಂದು ಮೊರ ಹಿಡಿದು ಬೀಸಿಕೊಳ್ಳುತ್ತ ಕೂತರು. ಮೊರದ ಗಾಳಿ ಪರದೆಯವರೆಗೆ ಹೋಗುವುದಿಲ್ಲ.

ಷಡ್ಡಕನಿಗೆ ಯಾರೂ ಬೀಸಲಿಲ್ಲ. ಜರಿಪಂಚೆಯೊಳಗೆ ಬೆವೆತು, ಎದ್ದು ನಿಂತು ತನ್ನ ಹೆಂಡತಿಗೆ ಹೇಳಿದ: “ನಡಿ ಓಗವಾ.”

“ನೀವ್ ಓಗಿ. ನಾನ್ ಮುಗುಸ್ಕೊಂಡ್ ಬತ್ತೀನಿ.”

“ಮನೇಲಿ ಇಲ್ವಾ ಥಿಯೇಟ್ರು?”

“ಅದೆ. ಅದ್ರಲ್ಲಿ ಒಂದ್ ಸಿನಿಮಾನಾದ್ರೂ ನಾನು ಕೂತು ನೋಡಿವ್ನಾ? ನಿಮ್ಗೂ ನಿಮ್ ಸೈಟಿನ್ ಪಾರ್ಟಿಗಳ್ಗೂ ಕಾಫಿ ತಂದ್ಕೊಡೋದೇ ಆಯ್ತು. ಆ ಕುರ್ಚೀಗೆ ಕಾಲು ಎದ್ದೇಳ್ತದೆ ಅಂತ ಕೇಳಿವ್ನಿ, ನೋಡಿಲ್ಲ.”

ನನ್ನ ಹೆಂಡತಿ ತನ್ನ ಕಾಲಿನ ಕೆಳಗಿದ್ದ ಮಣೆಯನ್ನು ಪಾದದಿಂದಲೇ ಕಿರಿಯ ತಂಗಿಯ ಕಡೆಗೆ ಅರ್ಧ ಸರಿಸಿದಳು. ತಂಗಿ ಅದರ ಮೇಲೆ ಕಾಲಿಟ್ಟಳು. ಷಡ್ಡಕ ಹೊರಗೆ ಹೋದ.

ಸಿನಿಮಾ ಮುಗಿಯಿತು. ಅತ್ತು ಅತ್ತು ಮೂವರ ಕಣ್ಣೂ ಕೆಂಪಾಗಿದ್ದವು, ಮೂವರ ಮುಖವೂ ಗೆಲುವಾಗಿತ್ತು. ಬೀದಿಯಲ್ಲಿ ಕಾರಿನ ಹಾರ್ನು ಹೊಡೆದುಕೊಳ್ಳುತ್ತಿತ್ತು. ನಾನು ಕಿಟಕಿಯ ಕಂಬಳಿ ಸರಿಸಲು ಹೋದೆ.

“ಅದ್ಯಾಕೆ ತೆಗೀತೀರ?” ಹೆಂಡತಿ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೊರಗಿದಳು. “ಇನ್ನೊಂದು ಆಕಿ.”

“ಹಾರ್ನ್ ಹೊಡೀತಾವ್ನೆ ಕಣೆ.”

“ಹೊಡ್ಕಳ್ಳಿ,” ಅಂದಳು ಅವನ ಹೆಂಡತಿ. “ಬ್ಯಾಟ್ರಿ ಇಳುದ್ರೆ ನಿಂತ್ಕತದೆ.”

ಬ್ಯಾಟರಿ ಇಳಿದರೆ ಚಾರ್ಜು ಮಾಡಿಸಲು ನನ್ನ ಅಂಗಡಿಗೇ ಬರಬೇಕು. ಕಂಬಳಿ ಬಿಟ್ಟು ಇನ್ನೊಂದು ಹಾಕಿದೆ.