ರೇಷ್ಮೆಗೂಡಿಗೆ ಸುತ್ತಿದ ಹಸಿರು ದಾರ

ಸಾವಿರದ ಒಂಬೈನೂರ ಎಂಬತ್ತೈದರ ಸುಮಾರಿಗೆ ಶಿಡ್ಲಘಟ್ಟದಲ್ಲಿ ಬಿಸ್ಮಿಲ್ಲಾ ಬೀ ಅಂತ ಒಬ್ಬರಿದ್ದರು. ಕಣ್ಣಿಗೆ ಪೊರೆ ಬಂದು ಅವರಿಗೆ ಹಸಿರು, ನೀಲಿ ಎರಡೂ ಬೂದಿಯಂತೆ ಕಾಣುತ್ತಿದ್ದವು. ಹೇಳಿದರೆ ಮಗ ಸೂಜಿ ಕಿತ್ತುಕೊಳ್ಳುತ್ತಾನೆಂದು ಯಾರಿಗೂ ತಿಳಿಸದೆ, ಹಸಿರು ದಾರವನ್ನು ತೂತುಬಿದ್ದ ರೇಷ್ಮೆಗೂಡಿಗೆ, ನೀಲಿಯನ್ನು ಬಿದಿರುಚಕ್ಕೆಗೆ ಸುತ್ತಿಟ್ಟು, ಬೆರಳಲ್ಲೇ ಗುರುತು ಹಿಡಿದು ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಕಸೂತಿ ಹಾಕುತ್ತಿದ್ದರು.

ಹೊಸ ಸೊಸೆ ಗುಲ್ಷನ್, ಅತ್ತೆ ಮೆಚ್ಚಲೆಂದು, ದಾರಗಳನ್ನೆಲ್ಲ ಬಿಚ್ಚಿ ಒಂದೇ ಅಳತೆಯ ರಟ್ಟಿನ ತುಂಡುಗಳಿಗೆ ಸುತ್ತಿ ಜೋಡಿಸಿದಳು.

"ನೋಡಿ ಅಮ್ಮೀ, ಅಂಗಡಿ ಇದ್ದಂಗಿದೆ!"

"ಚೆನ್ನಾಗಿದೆ ಕಣಮ್ಮ," ಎಂದು ಬಿಸ್ಮಿಲ್ಲಾ ಬೀ ಅಂದಾಜಿನಲ್ಲೇ ಹಸಿರು ಗಿಳಿಯೊಂದನ್ನು ಹೊಲಿದರು.

ಮಾರನೆಯ ದಿನ ಗುಲ್ಷನ್ ನಕ್ಕಳು. "ಇದೇನಮ್ಮೀ, ನಿಮ್ ಗಿಳಿ ಅರ್ಧ ನೀಲಿ!"

ರಟ್ಟುಗಳನ್ನು ಸುಮ್ಮನೆ ತಡಕುತ್ತಿದ್ದ ಅತ್ತೆಯ ಬೆರಳು ಕಂಡು ಅವಳ ನಗು ನಿಂತಿತು. ಮೂಲೆಗೆಸೆದಿದ್ದ ಗೂಡು, ಬಿದಿರು ಹುಡುಕಿ ತಂದು ಕೂತಳು. "ಯಾವ್ದು ಯಾವ್ದಕ್ಕೆ ಸುತ್ಲಿ?"

"ಗೂಡು ಹಸಿರಿಗಮ್ಮ. ನಿನ್ ಗಂಡನಿಗೆ ಹೇಳ್ಬಿಟ್ಟೀಯ, ಹುಷಾರು."

"ಹೇಳೋಕೇನಿದೆ ಅಮ್ಮೀ?" ಎಂದು ಗುಲ್ಷನ್ ದಾರ ಸುತ್ತತೊಡಗಿದಳು.