ಮೊದಲ ಬಹುಮಾನದ ದಾನಿ

ಬೇಸಿಗೆಯಲ್ಲಿ ಸತ್ತೆಪ್ಪನ ನೀರಿನ ಟ್ಯಾಂಕರ್ ಓಣಿಗೆ ಬಂತೆಂದರೆ ಹೆಂಗಸರೆಲ್ಲ ಕೊಡ ಹಿಡಿದು ಓಡುತ್ತಿದ್ದರು. ಬೀರದೇವ ಮಾತ್ರ ಹಲ್ಲು ಕಡಿಯುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಹೆಂಡತಿ ದುಂಡವ್ವ ತುಂಬಿ ತಂದ ಆ ನೀರನ್ನೇ ಕುಡಿಯುತ್ತಿದ್ದ, ಕುಡಿದು ಬಾಯಿ ಒರೆಸಿಕೊಂಡು ಸತ್ತೆಪ್ಪನನ್ನು ಬೈಯುತ್ತಿದ್ದ.

ಹೊಟ್ಟೆ ಉರಿಯದೆ ಏನು ಮಾಡೀತು? ಇಬ್ಬರೂ ಒಂದೇ ಓಣಿಯವರು. ಒಂದೇ ವರ್ಷ ಟ್ರ್ಯಾಕ್ಟರ್ ತಂದು, ಒಬ್ಬನ ಹಿಂದೆ ಒಬ್ಬ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆದವರು. ಹಂಗಾಮು ಮುಗಿದು ಕಾರ್ಖಾನೆ ನಿಂತರೆ ಬೀರದೇವನ ಟ್ರ್ಯಾಕ್ಟರ್ ಬೇವಿನ ಗಿಡದ ಬುಡದಲ್ಲಿ ಕೋಳಿಗಳಿಗೆ ನೆರಳಾಗಿ ನಿಲ್ಲುತ್ತಿತ್ತು. ಸತ್ತೆಪ್ಪನದು ಪಂಚಾಯ್ತಿಯ ಟ್ಯಾಂಕರ್ ಕಟ್ಟಿಕೊಂಡು ಮಳೆಗಾಲದವರೆಗೂ ದುಡಿಯುತ್ತಿತ್ತು.

ಟೆಂಡರ್ ಕರೆಯಬೇಕೆಂಬ ಕಾಯ್ದೆ ಇಲ್ಲವೆಂದಲ್ಲ. ಆದರೆ ‘ತುರ್ತು’ ಎಂದು ಬರೆದುಬಿಟ್ಟರೆ ಟೆಂಡರ್ ಬೇಕಿಲ್ಲವಂತೆ. ಬಿಸಿಲು ಬೀಳುತ್ತದೆ, ಹೊಳೆ ಬತ್ತುತ್ತದೆ ಎಂದು ಊರ ನಾಯಿಗೂ ಗೊತ್ತು. ಪಂಚಾಯ್ತಿಗೆ ಮಾತ್ರ ಬೇಸಿಗೆ ಪ್ರತಿವರ್ಷ ಹೇಳದೆ ಕೇಳದೆ ಬಂದುಬಿಡುತ್ತದೆ!

ಆ ತುರ್ತು ಕೆಲಸ ಯಾರಿಗೆ ಎಂಬುದು ಊರ ಮುಖಂಡ ಬಾಬಾಸಾಹೇಬರ ಹುಟ್ಟುಹಬ್ಬದ ದಿನವೇ ತೀರ್ಮಾನವಾಗುತ್ತಿತ್ತು. ಪಂಚಾಯ್ತಿ ಇದ್ದದ್ದು ಅವರ ಪಾರ್ಟಿಯ ಕೈಯಲ್ಲಿ. ಹುಟ್ಟುಹಬ್ಬಕ್ಕೆ ಅವರು ಎತ್ತಿನ ಗಾಡಿ ಓಟದ ಶರ್ಯತ್ತು ಇಡಿಸುತ್ತಿದ್ದರು. ಹೆಸರು ಅವರದು, ಬಹುಮಾನ ಕಂಡವರದು. ಗಟಾರ ಕಟ್ಟುವವನು ಫ್ರಿಜ್ಜು ಕೊಡಬೇಕು, ಬೀದಿ ದೀಪ ಹಾಕುವವನು ಟೀವಿ ಕೊಡಬೇಕು. ಮೊದಲ ಬಹುಮಾನ ಮೋಟಾರ್‌ಸೈಕಲ್. ಮೂರು ವರ್ಷದಿಂದ ಮೈಕಿನಲ್ಲಿ ಒಂದೇ ಕೂಗು: “ದಾನಿ, ಸತ್ತೆಪ್ಪ!” ಆ ಕೂಗು ಬೀರದೇವನ ಕಿವಿಗೆ ಕಾಯಿಸಿದ ಎಣ್ಣೆ ಹೊಯ್ದಂತಾಗುತ್ತಿತ್ತು.

ನಾಲ್ಕನೆಯ ವರ್ಷ ತಡೆಯಲಾರದೆ ಸಂಗ್ರಾಮನ ಹತ್ತಿರ ಹೋದ. ಸಂಗ್ರಾಮ ಎಂದರೆ ಬಾಬಾಸಾಹೇಬರ ಬಲಗೈ. ಬಹುಮಾನ ಹೊಂದಿಸುವವನೂ ಅವನೇ, ಕೆಲಸ ಹಂಚುವವನೂ ಅವನೇ. ಐನಾಪುರದ ಚಹಾದಂಗಡಿಯಲ್ಲಿ ಕೂತಿದ್ದ.

“ಸಂಗ್ರಾಮಣ್ಣಾ, ಈ ಸಲ ಪಹಿಲಾ ಬಕ್ಷೀಸ ನಾ ಕೊಡ್ತೀನ್ರಿ.”

“ಸತ್ತೆಪ್ಪ ಆಗಲೇ ಹೇಳ್ಯಾನಲ್ಲೋ ತಮ್ಮಾ.”

“ಅವಂದು ಸಾದಾ ಗಾಡಿ. ನಾ ಬುಲೆಟ್ ಕೊಡ್ತೀನಿ!”

ಸಂಗ್ರಾಮ ಚಹಾದ ಬಶಿ ಕೆಳಗಿಟ್ಟ. ಅವನನ್ನು ಮೇಲಿಂದ ಕೆಳಗೆ ನೋಡಿದ. “ನಿನ್ನ ಟ್ರ್ಯಾಕ್ಟರಿಗೆ ಟ್ಯಾಂಕರ ಎಳಿಯೂ ತಾಕತ್ತ ಐತಿಲ್ಲೋ?” ಎಂದಷ್ಟೇ ಕೇಳಿದ. ಬೇರೆ ಮಾತು ಬೇಕಿರಲಿಲ್ಲ.

ಬುಲೆಟ್‌ಗಾಗಿ ಮನೆಯ ಎರಡೂ ಎಮ್ಮೆ ಹೋದವು. ದುಂಡವ್ವ ಖಾಲಿ ಗೂಟದ ಮುಂದೆ ಕೂತು ಬಾಯಿ ಮಾಡಿದಳು.

“ಎಮ್ಮಿ ಮಾರಿ ಮಂದಿ ಹುಟ್ಟಬ್ಬ ಮಾಡ್ತೀರಲ್ರೀ, ನೀವು ಹುಟ್ಟಿದ ದಿನ ಯಾವದಂತ ನಿಮ್ಮವ್ವಗರ ಗೊತ್ತಿತ್ತೇನು?”

“ಸುಮ್ಮನಿರ ಬೇ. ಟ್ಯಾಂಕರ ಬರ್ಲಿ, ನಾಕ ಎಮ್ಮಿ ಕಟ್ತೀನಿ.”

“ಸತ್ತೆಪ್ಪಣ್ಣನ್ನ ನೋಡಿ ಉರಕೊಳ್ಳೂದ ನಿಮಗ ಊಟ ಆಗೇತಿ. ಇನ್ನ ಹಾಲು ಯಾಕ ಬೇಕು ಬಿಡ್ರಿ.”

ಶರ್ಯತ್ತಿನ ದಿನ ಮೈಕು ಕೂಗಿತು: “ಪ್ರಥಮ ಬಕ್ಷೀಸ, ಬುಲೆಟ್! ದಾನಿ, ಬೀರದೇವ!” ಬೀರದೇವ ಕುರ್ಚಿ ಬಿಟ್ಟು ಎದ್ದ. ಮಂದಿಗೆ ಕೈ ಮುಗಿಯಲು ಅಲ್ಲ, ಸತ್ತೆಪ್ಪನ ಮುಖ ಹುಡುಕಲು. ಆ ಮುಖ ಕಪ್ಪಿಡುವುದನ್ನು ನೋಡಲೆಂದೇ ಅಲ್ಲವೇ ಎಮ್ಮೆ ಮಾರಿದ್ದು! ಚಪ್ಪರದಲ್ಲಿ ಸತ್ತೆಪ್ಪ ಇರಲಿಲ್ಲ. ಓಟದ ಗೆರೆಯ ಹತ್ತಿರ, ತನ್ನ ಖಿಲಾರಿ ಎತ್ತಿನ ಜೋಡಿ ಹೂಡಿದ ಗಾಡಿಯ ಮೇಲೆ, ಹಗ್ಗ ಹಿಡಿದು ನಿಂತಿದ್ದ.

ಬಹುಮಾನ ಕೊಟ್ಟವನ ಎತ್ತು ಓಡಬಾರದೆಂಬುದು ಶರ್ಯತ್ತಿನ ರಿವಾಜು. ಮೂರು ವರ್ಷ ದಾನಿಯಾಗಿದ್ದ ತಪ್ಪಿಗೆ ಸತ್ತೆಪ್ಪನ ಎತ್ತುಗಳು ಕೊಟ್ಟಿಗೆಯಲ್ಲೇ ಕೊಬ್ಬುತ್ತಿದ್ದವು. ಈಗ ಅವನು ದಾನಿಯಲ್ಲ. ಆ ಎತ್ತುಗಳ ಹಗ್ಗ ಬಿಚ್ಚಿದವನು ಬೀರದೇವನೇ! ಕೊಡುವ ಹೆಸರಿನ ಹಿಂದೆ ಬಿದ್ದವನಿಗೆ ಓಡುವ ಎತ್ತು ನೆನಪಾಗಲಿಲ್ಲ.

ಮೀರಜ ಕಡೆಯ ಹೆಸರಾಂತ ಜೋಡಿಗಳು ಧೂಳಿನಲ್ಲಿ ಹಿಂದುಳಿದವು. ಸತ್ತೆಪ್ಪನ ಎತ್ತುಗಳು ಗಾಳಿಯಂತೆ ಬಂದು ನಿಶಾನೆ ದಾಟಿದವು.

ಗೆದ್ದವನಿಗೆ ರುಮಾಲು ಸುತ್ತಿ ಕೀಲಿ ಕೊಡುವ ಮಾನ ದಾನಿಯದೇ. ಬೀರದೇವ ಮುಖ ಗಂಟಿಕ್ಕಿಕೊಂಡು ರುಮಾಲು ಎತ್ತಿಕೊಂಡ.

“ನಗಕೋತ ಕೊಡಪಾ, ಫೋಟೋ ತಗಿಯಾಕತ್ತಾರ,” ಎಂದರು ಬಾಬಾಸಾಹೇಬರು.

ಸತ್ತೆಪ್ಪ ತಲೆ ಬಗ್ಗಿಸಿ ರುಮಾಲು ಸುತ್ತಿಸಿಕೊಳ್ಳುತ್ತ ಪಿಸುಗುಟ್ಟಿದ: “ಪೆಟ್ರೋಲ್ ತುಂಬಿಸೀಯೋ, ನಾನ ತುಂಬಿಸ್ಕೋಬೇಕೋ?”

ಟ್ಯಾಂಕರ್ ಕೆಲಸವೇನೋ ಬೀರದೇವನಿಗೇ ಬಂತು. ‘ತುರ್ತು’ ಎಂದು ಬರೆದರು, ಮುಗಿಯಿತು. ಈಗ ಅವನು ಹಾರ್ನ್ ಹೊಡೆದರೆ ಹೆಂಗಸರು ಕೊಡ ಹಿಡಿದು ಓಡಿಬರುತ್ತಿದ್ದರು. ಆದರೆ ಆ ಸುಖ ಮುಂಜಾನೆಯ ಚಹಾದವರೆಗೂ ಬಾಳುತ್ತಿರಲಿಲ್ಲ. ಟ್ಯಾಂಕರ್ ಕೈಬಿಟ್ಟ ಸತ್ತೆಪ್ಪ ಹಾಲಿನ ವ್ಯಾಪಾರಕ್ಕೆ ಇಳಿದಿದ್ದ. ಬುಲೆಟ್‌ನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು, ಡಗ್ ಡಗ್ ಎನ್ನುತ್ತ, ದಿನಾ ಇವನ ಬಾಗಿಲಿಗೇ ಬರುತ್ತಿದ್ದ. ಎಮ್ಮೆಯಿಲ್ಲದ ಮನೆಗೆ ಹಾಲು ಬೇಕಲ್ಲ!

“ವೈನೀ, ಹಾಲಿಗೆ ಬೋಗಾಣಿ ತರ್ರಿ!” ಎಂದು ದುಂಡವ್ವನನ್ನು ಕೂಗುತ್ತಿದ್ದ.

ಬುಲೆಟ್‌ನ ಪೆಟ್ರೋಲ್ ಟಾಕಿಯ ಮೇಲೆ ‘ದಾನಿ: ಬೀರದೇವ’ ಎಂಬ ಹಳದಿ ಅಕ್ಷರಗಳು ಹಾಗೇ ಇದ್ದವು.

“ಅದನ್ನ ಅಳಸಲೇ,” ಎಂದ ಬೀರದೇವ ಒಂದು ದಿನ.

“ಯಾಕಳಸ್ಲಿ? ಊರಾಗೆಲ್ಲ ನಿನ್ನ ಹೆಸರ ಹೊತ್ತ ತಿರಗ್ತೀನಿ. ಪುಕ್ಕಟ!”

ಹೇಳುವಾಗ ನಗುತ್ತಿದ್ದ. ಆದರೆ ಅವನ ಕಣ್ಣು ಬೀರದೇವನನ್ನು ದಾಟಿ, ಬೇವಿನ ಕೆಳಗೆ ನಿಂತ ಟ್ಯಾಂಕರ್ ಮೇಲೆ ನೆಟ್ಟಿತ್ತು. ಆ ನೋಟವನ್ನು ಬೀರದೇವ ಚೆನ್ನಾಗಿ ಬಲ್ಲ. ಮೂರು ಬೇಸಿಗೆ ತಾನೇ ಹಾಗೆ ನೋಡಿದ್ದನಲ್ಲ. ಅಂದಿನ ಚಹಾ ಮೊದಲ ಬಾರಿ ಸಿಹಿಯೆನಿಸಿತು.

ಸತ್ತೆಪ್ಪ ಕಿಕ್ ಹೊಡೆದ. “ಬರೂ ವರ್ಷ ಬಕ್ಷೀಸ ನಂದ ನೋಡಪಾ. ನಾಕ ಗಾಲಿದು. ಸಂಗ್ರಾಮಗ ಹೇಳಿ ಬಂದೀನಿ,” ಎಂದು ಹೊರಟುಹೋದ.

ಬೀರದೇವ ಬೆರಳು ಮಡಚಿ ಲೆಕ್ಕ ಹಾಕಿದ. ಸತ್ತೆಪ್ಪ ದಾನಿ. ಅಂದರೆ ಅವನ ಎತ್ತು ಓಡುವಂತಿಲ್ಲ.

“ಏ ಇಕೀ, ಎತ್ತಿನ ಸಂತಿ ಯಾವತ್ತ ಐತಿ?”

ದುಂಡವ್ವ ಹಾಲಿನ ಬೋಗಾಣಿ ಹಿಡಿದು ಹೊರಗೆ ಬಂದಳು. “ಗೂಟ ಖಾಲೀನ ಅದಾವು. ಮದಲ ನಿಮ್ಮನ್ನ ಕಟ್ತೀನಿ ಬರ್ರಿ.”

ಅವನಿಗೆ ಕೇಳಿಸಲಿಲ್ಲ. ಆಗಲೇ ಬಗ್ಗಿ, ಎಮ್ಮೆಯ ಗೂಟ ಅಲುಗಾಡಿಸಿ ನೋಡುತ್ತಿದ್ದ, ಓಡುವ ಎತ್ತಿಗೆ ತಡೆಯುತ್ತದೋ ಇಲ್ಲವೋ ಎಂದು.